ಪ್ರವಾಹಕ್ಕೆ ಅಡ್ಡ ಕೂತ ಗೊಂಬೆಮನೆ ಅಕ್ಕ

ಕ್ಯಾಮೆರಾದೆದುರಿನ ಗಾಜಿನ ಮೇಲೆ ಕೋಟೆ ಬಿಡಿಸಿ, ಒಂದೇ ಫಿಲ್ಮನ್ನು ಎರಡು ಸಲ ಓಡಿಸಿ ಒಬ್ಬನೇ ನಟನಿಂದ ಅವಳಿಗಳನ್ನು ಹುಟ್ಟಿಸುತ್ತಿದ್ದ ಕಾಲದಲ್ಲಿ ಕಸುಬು ಕಲಿತು, ಕಂಪ್ಯೂಟರ್ ಕಾಲದವರೆಗೂ ಯಾರೆದುರೂ ತಲೆ ತಗ್ಗಿಸದೆ ಬಂದ ಹಿರಿಯರೊಬ್ಬರು ನಮ್ಮ ಸಿನಿಮಾ ಶಾಲೆಯಿಂದ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಚಿತ್ರರಂಗ ಅವರನ್ನು ಪ್ರೀತಿಯಿಂದ 'ಗೊಂಬೆಮನೆ ಅಕ್ಕ' ಎನ್ನುತ್ತದೆ. ಆದರೆ ಆ ಹೆಸರು ಮೊದಲು ಬಿದ್ದದ್ದು ಮೂದಲಿಕೆಯಾಗಿ.

ಅಕ್ಕ ಆಗ ಸ್ಟುಡಿಯೋದಲ್ಲಿ ಚಿತ್ರೀಕರಣಕ್ಕೆ ಬೇಕಾದ ಮನೆ, ಬೀದಿಗಳ ಪುಟ್ಟ ಮಾದರಿಗಳನ್ನು ಕಟ್ಟುತ್ತಿದ್ದರು. ಪ್ರವಾಹದ ದೃಶ್ಯಕ್ಕಾಗಿ ನಿರ್ಮಾಪಕರು ದೊಡ್ಡ ತೊಟ್ಟಿಯ ನೀರನ್ನು ಸೆಟ್ಟಿನ ಬೀದಿಗೆ ಒಮ್ಮೆಲೇ ನುಗ್ಗಿಸಲು ಹೊರಟರು. ನೀರಿನೆದುರು ಓಡಬೇಕಾದವರಲ್ಲಿ ಅಕ್ಕನ ತಮ್ಮನೂ ಇದ್ದ. ಸಾಹಸ ದೃಶ್ಯವೇ ಅವನ ಅನ್ನ. ಬೀದಿಯ ಕೊನೆಗೆ ಗೋಡೆ ಎದ್ದಿರುವುದನ್ನು, ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದಿರುವುದನ್ನು ಕಂಡ ಅಕ್ಕ, ನೀರು ಬಿಡುವ ಗೇಟಿನ ಹಿಡಿಕೆಯನ್ನು ಕಳಚಿ ಮಡಿಲಲ್ಲಿಟ್ಟುಕೊಂಡು ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟರು.

"ಗೊಂಬೆಮನೆ ಕಟ್ಟೋರಿಗೆ ಇಲ್ಲೇನಮ್ಮ ಕೆಲಸ? ಕೊಡಿ ಅದನ್ನ!" ನಿರ್ಮಾಪಕರು ಗುಡುಗಿದರು.

"ಕೊಡಲ್ಲ. ಈ ಬೀದೀನ ನಾನು ಮೊಣಕಾಲೆತ್ತರಕ್ಕೆ ಕಟ್ಟಿಕೊಡ್ತೀನಿ. ಅದನ್ನ ಎಷ್ಟು ಬೇಕಾದ್ರೂ ಮುಳುಗಿಸಿ."

ಎಲ್ಲರಿಗಿಂತ ಹೆಚ್ಚು ಕೆರಳಿದವನು ತಮ್ಮ. "ನನ್ನ ಹೊಟ್ಟೆ ಮೇಲೆ ಹೊಡೀತಿದ್ದೀಯಲ್ಲಕ್ಕಾ!"

"ಹೊಟ್ಟೆಗೆ ನಾನು ಹಾಕ್ತೀನಿ ಕಣೋ. ನಿನ್ನ ಹೆಣ ಹೊರೋದು ಮಾತ್ರ ನನ್ನ ಕೈಲಾಗಲ್ಲ."

ಓಡಬೇಕಿದ್ದವರೆಲ್ಲ ಒಬ್ಬೊಬ್ಬರಾಗಿ ಬಂದು ಅಕ್ಕನ ಪಕ್ಕ ಕೂತರು. ಕೊನೆಗೆ ತಮ್ಮನೂ, ಮುಖ ತಿರುಗಿಸಿಕೊಂಡೇ. ನಿರ್ಮಾಪಕರು ಮಣಿಯಬೇಕಾಯಿತು.

ಊರನ್ನು ಕಿರಿದಾಗಿಸಬಹುದು, ನೀರಿನ ಹನಿಯನ್ನು ಕಿರಿದಾಗಿಸುವುದು ಕಷ್ಟ. ಪುಟ್ಟ ಮನೆಯೆದುರು ಹನಿಯೊಂದು ಗೋಲಿಯಷ್ಟು ದಪ್ಪ ಕಂಡು ಗುಟ್ಟು ರಟ್ಟಾಗುತ್ತದೆ. ಅಕ್ಕ ನೀರಿಗೆ ಚೂರೇ ಚೂರು ಸಾಬೂನು ಕದಡಿ ಹನಿಗಳನ್ನು ಒಡೆದರು. ಕ್ಯಾಮೆರಾವನ್ನು ಹಲವು ಪಟ್ಟು ವೇಗವಾಗಿ ಓಡಿಸಿದರು. ಹಾಗೆ ತೆಗೆದ ದೃಶ್ಯ ತೆರೆಯ ಮೇಲೆ ನಿಧಾನವಾಗಿ ಮೂಡಿದಾಗ ಕೊಳಗದ ನೀರಿಗೆ ಹೊಳೆಯ ಭಾರ ಬಂದಿತ್ತು. ಆ ಕೊಳಗ ಎತ್ತಿ ಸುರಿದವನು ಅಕ್ಕನೊಂದಿಗೆ ಇನ್ನೂ ಮಾತು ಬಿಟ್ಟಿದ್ದ ತಮ್ಮನೇ.

ಚಿತ್ರ ಗೆದ್ದಿತು. ಎಲ್ಲವೂ ನಿಜವಾದ ಪ್ರವಾಹವೆಂದು ನಿರ್ಮಾಪಕರು ಪತ್ರಕರ್ತರೆದುರು ಬೀಗುತ್ತಿದ್ದಾಗ, ಅಕ್ಕ ಎದ್ದು ಅಂಗೈಯಗಲದ ಬಾಗಿಲೊಂದನ್ನು ಮೇಜಿನ ಮೇಲಿಟ್ಟರು. "ಮುಳುಗಿದ್ದು ಇದು. ಯಾರ ಕೂದಲೂ ಕೊಂಕಲಿಲ್ಲ. ಬರ್ಕೊಳ್ಳಿ."

ಅಕ್ಕನ ಕೆಲಸ ಹೋಯಿತು. ಕ್ಷಮೆ ಕೇಳಿದರೆ ವಾಪಸು ಎಂದು ನಿರ್ಮಾಪಕರು ಹೇಳಿಕಳಿಸಿದರೂ ಅಕ್ಕ ಆ ಕಡೆ ತಲೆ ಹಾಕಲಿಲ್ಲ. ತಮ್ಮ ಅಂದು ಮಾತಾಡಿದ: "ಊಟ ಮಾಡಿದ್ಯೇನಕ್ಕಾ?"

ಆಮೇಲೆ ನಮ್ಮ ಶಾಲೆ. ಸಿಡಿಮದ್ದಿಗೆ ಬೆರಳು ಸುಟ್ಟುಕೊಂಡ ವಿದ್ಯಾರ್ಥಿನಿಗೆ ಕೈತುತ್ತು ಕೊಟ್ಟವರು, ಎಲ್ಲರಿಗೂ ಕೈಗವಸು ಬರುವವರೆಗೆ ತರಗತಿಗೆ ಬೀಗ ಜಡಿದವರು ಅವರೇ. ಮೊನ್ನೆ ಆಡಳಿತದವರು ಕಾರ್ಯಾಗಾರದ ಕೀಲಿ ಕೇಳಿದಾಗ ಅಕ್ಕನ ಉತ್ತರ: "ಭೂಕಂಪದ ದೃಶ್ಯಕ್ಕೆ ಕಟ್ತಿರೋ ಪುಟ್ಟ ಸೇತುವೆ ಅರ್ಧಕ್ಕೆ ನಿಂತಿದೆ. ಅದನ್ನ ಕಟ್ಟಿ ಮುಗಿಸಿ, ಕೆಡವಿಯೇ ಕೀಲಿ ಕೊಡ್ತೀನಿ."

ಆ ಸೇತುವೆ ಭರ್ಜರಿಯಾಗಿ ಕುಸಿಯಲಿ. ಅದರ ಬೆನ್ನಿಗೇ ಇನ್ನೂ ಹತ್ತಾರು ಕುಸಿಯಲಿ. ಅಕ್ಕನ ಆಯಸ್ಸು, ಹಟ ಎರಡೂ ನೂರು ತುಂಬಲಿ.