ಹಟ್ಟಿಗೊಂದು ಮಾತುಕತೆ ಜೋಡಿಸಿಟ್ಟ ಸುಜಾತಾ

ಬೆಳಕು ಹರಿಯುವ ಮೊದಲೇ ಭಾಲ್ಕಿ ತಾಲ್ಲೂಕಿನ ಸಾಯಗಾಂವದ ಕುರಿಹಟ್ಟಿಯೊಂದರಲ್ಲಿ ಸುಜಾತಾ ಮಂಡಿಯೂರಿ ಕೂತಿದ್ದಾರೆ. ಒಂದು ಕೈ ಕುಂಟುವ ಕುರಿಯ ಗೊರಸಿನ ಮೇಲೆ, ಇನ್ನೊಂದರಲ್ಲಿ ಮೊಬೈಲು. ಹಟ್ಟಿಯ ಒಡತಿ ಭಾಗೀರಥಿಬಾಯಿಗೆ ಅವಸರ. ‘ಹೋದ ಮಳಿಗಾಲದಾಗ ಇದಕ್ಕೇ ಏನೋ ಹೇಳಿತ್ತಲ್ಲವ್ವ ನಿನ್ನ ಮೊಬೈಲು?’ ಎನ್ನುತ್ತಾರೆ. ಸುಜಾತಾ ಎರಡು ಸಲ ಬೆರಳಾಡಿಸುತ್ತಾರೆ, ಅಷ್ಟೇ. ಹೋದ ವರ್ಷದ ಉತ್ತರ ಕಣ್ಣೆದುರಿಗಿದೆ.

ಮೂವತ್ತೆಂಟರ ಸುಜಾತಾ ಪಶುಸಖಿ. ಊರಿನ ಕುರಿ, ಮೇಕೆಗಳ ಆರೈಕೆ ಅವರ ಕೆಲಸ. ದಿನಕ್ಕೆ ಒಂಬತ್ತು ಹತ್ತು ಹಟ್ಟಿ ಸುತ್ತುತ್ತಾರೆ. ಎರಡು ವರ್ಷದ ಹಿಂದೆ ಬೀದರದ ತರಬೇತಿಯಲ್ಲಿ ಎಐ ಚಾಟ್‌ಬಾಟ್ ಬಳಸುವುದನ್ನು ಕಲಿತು ಬಂದರು. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಕೊಡುವ ಯಂತ್ರ! ಊರೇ ಮುಗಿಬಿತ್ತು. ಬಂದವರ ಪ್ರಶ್ನೆಗಳನ್ನೆಲ್ಲ ಸುಜಾತಾ ಒಂದೇ ಚಾಟ್‌ನಲ್ಲಿ, ಅಂದರೆ ಒಂದೇ ಮಾತುಕತೆಯಲ್ಲಿ, ಒಂದರ ಕೆಳಗೊಂದು ಕೇಳುತ್ತ ಹೋದರು. ಮೇಲಕ್ಕೆ ಎಳೆದಷ್ಟೂ ಮುಗಿಯದ ಆ ರಾಶಿಯಲ್ಲಿ ಹಳೆಯ ಉತ್ತರ ಹುಡುಕುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು.

ಎಡವಟ್ಟಾದದ್ದು ಅಲ್ಲೇ. ಎಂಟು ತಿಂಗಳ ಹಿಂದೆ ಬಕ್ಕಪ್ಪ ಎಂಬ ಹಿರಿಯರ ಪುಟ್ಟ ಮರಿಗೆ ಜಂತಿನ ಔಷಧಿ ಕೊಡಬೇಕಿತ್ತು. ಗಡಿಬಿಡಿಯಲ್ಲಿ ಸುಜಾತಾ ಓದಿ ಹೇಳಿದ್ದು ಬೇರೊಬ್ಬರ ದೊಡ್ಡ ಟಗರಿಗೆ ಹೇಳಿದ್ದ ಔಷಧಿಯ ಅಳತೆ. ಮರಿ ಉಳಿಯಲಿಲ್ಲ.

‘ಮೊಬೈಲು ತಪ್ಪು ಹೇಳಿಲ್ರಿ, ನಾನೇ ತಪ್ಪು ಓದಿದೆ. ಬಕ್ಕಪ್ಪ ಕಾಕಾ ಒಂದು ಮಾತು ಬೈಲಿಲ್ರಿ. ಬೈದಿದ್ರ ಛಲೋ ಇತ್ತು. ಅವತ್ತಿಂದ ಹಟ್ಟಿಗಿ ಕರೀಲೇ ಇಲ್ರಿ. ಅವ್ರು ಒಮ್ಮಿ ಕರದ್ರ ಸಾಕು ನೋಡ್ರಿ, ಮತ್ತೇನೂ ಬೇಡ ನನಗ,’ ಎನ್ನುತ್ತಾರೆ ಸುಜಾತಾ.

ಬೇರೆಯವರಾಗಿದ್ದರೆ ಮೊಬೈಲನ್ನೇ ಮೂಲೆಗೆ ಎಸೆಯುತ್ತಿದ್ದರೇನೋ. ಈ ಹೆಣ್ಣುಮಗಳು ಮಹಾ ಹಟಮಾರಿ. ವಾರವಿಡೀ ಕೂತು ಆ ಉದ್ದನೆಯ ಮಾತುಕತೆಯನ್ನು ಹಟ್ಟಿವಾರು ನಕಲು ಮಾಡಿ ಬಿಡಿಸಿದರು. ಈಗ ಹಟ್ಟಿಗೊಂದು ಬೇರೆ ಮಾತುಕತೆ. ಮೊದಲ ಸಾಲಿನಲ್ಲೇ ಮಾಲೀಕರ ಹೆಸರು, ಕುರಿಯ ಗುರುತು, ತೂಕ, ತಾರೀಕು. ಕೊನೆಗೆ ‘ಇಷ್ಟನ್ನೂ ನಾಲ್ಕು ಸಾಲಿನಲ್ಲಿ ಹೇಳು’ ಎಂದು ಯಂತ್ರಕ್ಕೇ ಕೆಲಸ ಹಚ್ಚುತ್ತಾರೆ. ಆ ನಾಲ್ಕು ಸಾಲನ್ನು ಪಶುವೈದ್ಯರಿಗೆ ಫೋನಿನಲ್ಲಿ ಓದಿ, ಅವರು ಹೂಂ ಎಂದ ಮೇಲೇ ಔಷಧಿ. ಯಾವುದು ಎಲ್ಲಿದೆ ಎಂದು ತಿಳಿಯಲು ಒಂದು ನೋಟ್‌ಬುಕ್ಕೂ ಇದೆ. ಹಟ್ಟಿಗೊಂದು ಹಾಳೆ, ಒಟ್ಟು ನಲವತ್ತೊಂದು. ಔರಾದದ ಪಶುಸಖಿ ಸಪನಾ ಇದನ್ನು ನೋಡಲೆಂದೇ ಬಸ್ ಹತ್ತಿ ಬಂದಿದ್ದರು. ‘ನಾ ದಿನಾ ಅರ್ಧ ತಾಸು ಹುಡುಕ್ತಿದ್ದೆ ಅಕ್ಕಾ, ಇಷ್ಟು ಸಲೀಸಿತ್ತಾ!’ ಎಂದು ಹಣೆ ಚಚ್ಚಿಕೊಂಡರಂತೆ.

ಮಾತಾಡುತ್ತಿರುವಾಗಲೇ ಹಟ್ಟಿಯ ಬಾಗಿಲಲ್ಲಿ ಯಾರೋ ಕೆಮ್ಮುತ್ತಾರೆ. ಕಂಬಳಿಯಲ್ಲಿ ಮರಿಯೊಂದನ್ನು ಸುತ್ತಿಕೊಂಡು ನಿಂತವರು ಬಕ್ಕಪ್ಪ. ಸುಜಾತಾ ದಡಬಡಿಸಿ ಎದ್ದು ನಿಲ್ಲುತ್ತಾರೆ.

‘ಎರಡು ದಿನ ಆಯ್ತವ್ವ, ಹಾಲು ಕುಡೀವಲ್ದು,’ ಎನ್ನುತ್ತಾರೆ ಬಕ್ಕಪ್ಪ. ‘ಎಲ್ಲಾರ ಹೆಸರಿಲೆ ಹಾಳಿ ಇಟ್ಟೀಯಂತ. ನಂದೂ ಒಂದು ಹಚ್ಚು.’

‘ಹೊಸದು ಬೇಡ ಕಾಕಾ.’ ಸುಜಾತಾ ನೋಟ್‌ಬುಕ್ ಬಿಚ್ಚುತ್ತಾರೆ. ‘ಮೊದಲನೇ ಹಾಳಿ ನಿಮ್ದೇ ಅದರಿ. ಸತ್ತ ಮರಿದೂ ಬರ್ದೀನಿ, ನಾ ಏನು ತಪ್ಪಿದೆ ಅಂತನೂ ಬರ್ದೀನಿ. ಓದ್ಲೇನ್ರಿ?’

ಬಕ್ಕಪ್ಪ ಕಂಬಳಿ ಸರಿಸಿ ಮರಿಯನ್ನು ಅವರ ಕೈಗೆ ಕೊಡುತ್ತಾರೆ.

‘ಇರ್ಲಿ ಬಿಡವ್ವ. ಅದರ ಕೆಳಗ ಇದನ್ನ ಬರಿ.’