ಹುಳಾ ಮುಟ್ಟಿತು

ಹಾವು ಎಂಬ ಶಬ್ದವನ್ನು ನಾನು ಬರೆಯುತ್ತಿರುವುದು ಹಗಲು ಹೊತ್ತಿನಲ್ಲಿ, ಬಾಗಿಲು ಹಾಕಿಕೊಂಡು, ಎರಡೂ ಕಾಲು ಕುರ್ಚಿಯ ಮೇಲೆ ಎತ್ತಿಟ್ಟುಕೊಂಡು. ಸಂಜೆಯಾದರೆ ಬರೆಯುವುದನ್ನು ನಿಲ್ಲಿಸುತ್ತೇನೆ. ಓದುವವರಿಗೆ ನಗು ಬಂದರೆ ನಗಲಿ, ನನ್ನ ಅಭ್ಯಂತರವೇನಿಲ್ಲ.

ನಾನು ಹುಟ್ಟಿದ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಅದರ ಹೆಸರು ಎತ್ತುವಂತಿರಲಿಲ್ಲ. ಎತ್ತಿದರೆ ಅದು ಬರುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಹುಳಾ ಅನ್ನಬೇಕು. ಅದು ಕಚ್ಚಿತು ಅನ್ನಬಾರದು, ಮುಟ್ಟಿತು ಅನ್ನಬೇಕು. ನಮ್ಮ ಕಡೆ ಊರೆಲ್ಲ ಹಾಗೇ ಅನ್ನುತ್ತದೆ. ಬೆಳಗಾದರೆ ಮಂದಿ ಅದನ್ನು ಮರೆಯುತ್ತಾರೆ, ನಾನು ಮರೆಯಲಿಲ್ಲ. ನಿಯಮವನ್ನು ಹಗಲಿಗೂ ವಿಸ್ತರಿಸಿದೆ. ಮಕ್ಕಳು ಹಾವು ಏಣಿ ಆಡುವಾಗ ನಾನು ಅದನ್ನು ಏಣಿ ಆಟ ಎನ್ನುತ್ತಿದ್ದೆ. ಕಚೇರಿಗೆ ಮಂಗಗಳ ಹಾವಳಿಯ ಬಗ್ಗೆ ಅರ್ಜಿ ಬಂದರೆ ಟಿಪ್ಪಣಿಯಲ್ಲಿ ಮಂಗಗಳ ಕಾಟ ಎಂದು ಬರೆಯುತ್ತಿದ್ದೆ. ಒಮ್ಮೆ ನನ್ನನ್ನು ಹಾವೇರಿಗೆ ವರ್ಗ ಮಾಡುತ್ತಾರೆಂಬ ಸುದ್ದಿ ಹಬ್ಬಿತು. ಅಲ್ಲಿಯ ಜನ ಭಾಳ ಒಳ್ಳೆಯವರೆಂದು ಕೇಳಿದ್ದೇನೆ, ಆದರೆ ದಿನಾ ವಿಳಾಸ ಹೇಳುವುದು ನನ್ನ ಕೈಲಾಗುತ್ತಿರಲಿಲ್ಲ. ದೇವರ ದಯೆ, ವರ್ಗವಾಗಲಿಲ್ಲ.

ಹಾಗಂತ ನಾನು ಪುಕ್ಕಲನೇನಲ್ಲ. ಅಂಜಬೇಕಾದವಕ್ಕೆ ನಮ್ಮ ಕಡೆ ಯಾರೂ ಅಂಜುವುದಿಲ್ಲ, ನಾನೂ ಅಂಜುವುದಿಲ್ಲ. ಮಧ್ಯಾಹ್ನ ಕಲ್ಲಿನ ಗಣಿಯಲ್ಲಿ ಸಿಳ್ಳೆ ಊದಿ ಬ್ಲಾಸ್ಟ್ ಮಾಡಿದರೆ ಶಹಾಬಾದದಿಂದ ವಾಡಿಯವರೆಗೆ ಗೋಡೆಯ ಮಾಡದಲ್ಲಿಟ್ಟ ಭಾಂಡೆ ಪಾತ್ರೆಗಳು ಗಡಗಡ ಅನ್ನುತ್ತವೆ, ಊಟಕ್ಕೆ ಕೂತವರು ತಲೆ ಎತ್ತುವುದಿಲ್ಲ. ಕಾಗಿಣಾ ಹೊಳೆ ಸೇತುವೆಯ ಮೇಲೆ ಹರಿಯುವಾಗಲೂ ಪ್ಯಾಂಟು ಮೊಣಕಾಲಿಗೆ ಏರಿಸಿ ಬೈಕು ದಾಟಿಸುವವರಿದ್ದಾರೆ. ಆದರೆ ಗೋಡೆಯ ಮೇಲೆ ಒಂದು ಹಲ್ಲಿ ಲೊಚಗುಟ್ಟಲಿ, ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಟ್ಟು ನೆಲ ಕುಟ್ಟಿ ಕೃಷ್ಣ ಕೃಷ್ಣ ಅನ್ನುತ್ತಾರೆ.

ನನ್ನ ಹೆಂಡತಿ ಚಿಂಚೋಳಿ ಕಡೆಯವಳು, ಅಡವಿಯ ಬಾಜೂಕಿನ ಹಳ್ಳಿಯಲ್ಲಿ ಬೆಳೆದವಳು. ಮದುವೆಯಾದ ಹೊಸತರಲ್ಲಿ ಆ ಶಬ್ದವನ್ನು ಉಪ್ಪು, ಎಣ್ಣೆ ಎಂದಷ್ಟೇ ಸಲೀಸಾಗಿ ಆಡುತ್ತಿದ್ದಳು. ನಾನು ಕಿವಿ ಮುಚ್ಚಿಕೊಂಡರೆ, "ಅಯ್ಯ, ಹೆಸರ ಹೇಳಿದ್ರ ಬರ್ಲಿಕ್ಕ ಅದಕ್ಕೇನ್ ಕಿವಿ ಅದಾವೇನ್ರಿ?" ಎಂದು ನಗುತ್ತಿದ್ದಳು. ಒಂದೆರಡು ತಿಂಗಳಲ್ಲಿ ಅವಳೂ ಹುಳಾ ಅನ್ನತೊಡಗಿದಳು. ಅವ್ವ ಬುದ್ಧಿ ಹೇಳಿರಬೇಕು ಎಂದುಕೊಂಡೆ.

ಮೂರು ವರ್ಷದ ಹಿಂದಿನ ಮಾತು. ಬಚ್ಚಲಿಗೆ ಹಾಕಲು ತರಿಸಿದ ಫರಸಿ ಕಲ್ಲುಗಳು ಹಿತ್ತಲಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಹುಳಾ ಇರುತ್ತದೆಂದು ನಾನು ಆ ಕಡೆ ಹೋಗುತ್ತಿರಲಿಲ್ಲ. ಸಂಜೆ, ಇನ್ನೂ ದೀಪ ಹಚ್ಚಿರಲಿಲ್ಲ, ಹೆಂಡತಿ ಒಂದು ಕಲ್ಲು ಸರಿಸಲು ಹೋದಳು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಬಂದು ನಿಂತಳು. ಕಲ್ಲು ಜಾರಿ ಪಾದ ಕೆತ್ತಿತ್ತು, ರಕ್ತ ಬರುತ್ತಿತ್ತು.

"ರೀ, ಹುಳಾ ಮುಟ್ಟಿತ್ರಿ. ಆಟೋದವರಿಗಿ ಕರೀರಿ," ಎಂದಳು. ಹಾಲು ಉಕ್ಕಿತು ಎಂದು ಹೇಳುವ ದನಿಯಲ್ಲೇ.

ನಾನು ಮೊದಲು ನನ್ನ ಎರಡೂ ಕಾಲು ಕುರ್ಚಿಯ ಮೇಲೆ ಎತ್ತಿಕೊಂಡೆ. ಆಟೋವನ್ನೂ ಅವಳೇ ಕೂಗಿ ಕರೆದಳು.

ದವಾಖಾನೆಯಲ್ಲಿದ್ದ ಡಾಕ್ಟರು ಎಳೆಯ ಹುಡುಗಿ, ಮೈಸೂರು ಕಡೆಯಿಂದ ಬಂದು ವಾರವೂ ಆಗಿರಲಿಲ್ಲ. ನಮ್ಮ ಕಡೆಯ ನರ್ಸಬಾಯಿ ಒಳಗೆ ಹೆರಿಗೆ ಮಾಡಿಸುತ್ತಿದ್ದಳು.

"ಏನಾಯ್ತಮ್ಮ?"

"ಹುಳಾ ಮುಟ್ಯದ್ರಿ."

"ಮುಟ್ಟಿದ್ದಾ, ಕಚ್ಚಿದ್ದಾ?"

"ಮುಟ್ಟಿದ್ದೇ ರೀ."

"ಬರೀ ಮುಟ್ಟಿದ್ರೆ ಏನೂ ಆಗಲ್ಲ," ಎಂದು ಡಾಕ್ಟರು ಸಮಾಧಾನ ಹೇಳಿದರು. ಗಾಯ ತೊಳೆದರು. ಕಲ್ಲು ಕೆತ್ತಿದ್ದ ಜಾಗದಲ್ಲಿ ಬೇರೆ ಗುರುತು ಕಾಣಿಸಲಿಲ್ಲ. "ಎಂಥ ಹುಳ?"

ಹೆಂಡತಿ ನನ್ನ ಕಡೆ ನೋಡಿದಳು. "ಉದ್ದಂದು ರೀ," ಎಂದಳು.

"ನೆಲದ ಮ್ಯಾಲ ಹರದಾಡ್ತದ್ರಿ," ಎಂದು ನಾನು ಸೇರಿಸಿದೆ.

ಡಾಕ್ಟರು ಯೋಚಿಸಿದರು. "ಎರೆಹುಳ ಕಚ್ಚಲ್ಲ. ಜರಿಹುಳ ಇರಬೇಕು." ಒಂದು ಸೂಜಿ ಮದ್ದು ಕೊಟ್ಟು, ನಂಜು ಇಳಿಯುತ್ತೆ, ಸ್ವಲ್ಪ ನಿದ್ದೆ ಬರಬಹುದು ಎಂದರು.

ಬರೆದು ತೋರಿಸಬಹುದಿತ್ತಲ್ಲ ಎಂದು ಆಮೇಲೆ ಜಾಣರೆಲ್ಲ ಕೇಳಿದರು. ಬರೆದರೂ ಹೆಸರು ಎತ್ತಿದ ಹಾಗೇ ಅಲ್ಲವೇ? ಅಷ್ಟರಲ್ಲಿ ಹೆಂಡತಿಯ ಕಣ್ಣಿನ ರೆಪ್ಪೆಗಳು ಕೆಳಗಿಳಿಯತೊಡಗಿದವು. "ಕಣ್ಣ ಎಳೀಲಿಕತ್ತಾವ್ರಿ," ಎಂದಳು. ನಾಲಿಗೆ ತೊದಲುತ್ತಿತ್ತು. ಡಾಕ್ಟರು ನಿದ್ದೆಯ ಮಾತು ಹೇಳಿದ್ದೆನಲ್ಲ ಎಂಬಂತೆ ತಲೆಯಾಡಿಸಿದರು. ಅದು ನಿದ್ದೆಯಲ್ಲ ಎಂದು ನನಗೆ ಗೊತ್ತಿತ್ತು. ಹೀಗೆ ರೆಪ್ಪೆ ಇಳಿದು ಹೋದವರ ಕಥೆಗಳನ್ನು ಕೇಳಿಯೇ ನಾನು ದೊಡ್ಡವನಾಗಿದ್ದೆ. ಈಕೆ ಈಗ ಹೋಗುತ್ತಾಳೆ, ನನ್ನ ಕಣ್ಣ ಮುಂದೆಯೇ ಹೋಗುತ್ತಾಳೆ ಅನ್ನಿಸಿತು. ಹೊರಗೆ ಯಾರೋ ಲೈಟು ಹಾಕಿದರು. ದೀಪ ಹಚ್ಚುವ ಹೊತ್ತೂ ಆಯಿತು.

ಬಾಯಿ ತೆರೆದೆ. "ಹಾ..." ಎಂದೆ. ಮುಂದಿನ ಅಕ್ಷರ ಬರಲಿಲ್ಲ.

"ಜರಿನೇ ಅಲ್ವಾ?" ಎಂದರು ಡಾಕ್ಟರು.

"ಹಾ... ಹಾ..."

"ಅದೇ ನಾನೂ ಅಂದ್ಕೊಂಡೆ," ಎಂದು ಚೀಟಿಯಲ್ಲಿ ಜರಿ ಎಂದು ಬರೆದುಕೊಂಡರು. ನಾನು ಹೌದು ಅಂದೆನೆಂದು ತಿಳಿದರು. ಅವರ ತಪ್ಪೇನಿಲ್ಲ, ನಮ್ಮ ಕಡೆ ಹೌದು ಅನ್ನುವುದೇ ಹಾಗೆ.

ಹೆಂಡತಿಯ ತಲೆ ನನ್ನ ತೋಳಿನ ಮೇಲೆ ವಾಲಿತು. ಆಗ ಎಲ್ಲಿಂದ ಬಂತೋ ಗೊತ್ತಿಲ್ಲ, ದವಾಖಾನೆ ಹಾರಿಹೋಗುವ ಹಾಗೆ ಕಿರುಚಿದೆ.

"ಹಾವು! ಹಾವ್ರೀ ಡಾಕ್ಟ್ರೇ, ಹಾವು!"

ಹೊರಗಿನ ಬೆಂಚಿನಲ್ಲಿದ್ದವರು ಕಾಲು ಮೇಲೆತ್ತಿಕೊಂಡರು. ಒಬ್ಬ ಮುದುಕ "ಎಲ್ಲ್ಯದ? ಎಲ್ಲ್ಯದ?" ಎನ್ನುತ್ತ ಸಲಾಯಿನ್ ಬಾಟಲಿಯ ಸಮೇತ ಎದ್ದು ನಿಂತ. ವಾಚಮನ್ ಬಡಿಗೆ ತಂದು ಮಂಚದ ಕೆಳಗೆಲ್ಲ ಬಡಿದ. ಆ ಗದ್ದಲದಲ್ಲಿ ಸರಿಯಾಗಿ ತಿಳಿದುಕೊಂಡವರು ಮೈಸೂರಿನ ಡಾಕ್ಟರೊಬ್ಬರೇ. ಚೀಟಿ ಹರಿದೆಸೆದು ಓಡಿಹೋಗಿ ಹಾವಿನ ಔಷಧ ತಂದರು. ನನ್ನ ಬಾಯಿ ಮಾತ್ರ ನಿಲ್ಲಲಿಲ್ಲ. ಸಾಕು ಮಾಡ್ರಿ ಎಂದು ನರ್ಸಬಾಯಿ ಬಂದು ಗದರಿಸುವವರೆಗೂ ಹಾವು ಹಾವು ಎನ್ನುತ್ತಲೇ ಇದ್ದೆನಂತೆ.

ಹೆಂಡತಿ ಉಳಿದಳು. ಎದ್ದು ಕೂತು ಚಹಾ ಕುಡಿಯುವಷ್ಟಾದಾಗ ನನಗೆ ಸಿಟ್ಟು ಬಂತು. ಉಳಿದಿದ್ದಾಳೆಂದು ಗ್ಯಾರಂಟಿಯಾದ ಮೇಲೆ ಬರುವ ಸಿಟ್ಟು.

"ಅಲ್ಲ, ನಂಗರ ಅಂಜಿಕಿ. ನಿನಗೇನ್ ಧಾಡಿ ಆಗಿತ್ತು? ಡಾಕ್ಟರಿಗಿ ಅದರ ಹೆಸರ ಹೇಳ್ಲಿಕ್ಕ ಬರ್ತಿರ್ಲಿಲ್ಲೇನು? ಜೀವಾ ಹೋಗಿದ್ರ?"

ಅವಳು ಚಹಾದ ಬಸಿ ಕೆಳಗಿಟ್ಟಳು.

"ನಂಗೇನ್ ಅಂಜಿಕ್ರಿ. ನೀವ್ ಇಲ್ದಾಗ ಮಂದ್ಯಾಗ ದಿನಾ ಅಂತೀನಿ. ಆದ್ರ ನೀವು ಬಾಜೂಕ ನಿಂತಿದ್ರಿ, ನಿಮ್ಮ ಮಾರಿ ಸುಣ್ಣಾ ಆಗಿತ್ತು. ನಾ ಅಂದಬಿಟ್ರ ಎಲ್ಲಿ ಬಿದ್ದಗಿದ್ದೀರೋ ಅಂತ ಸುಮ್ಮನಾದೆ."

ಇಷ್ಟು ವರ್ಷ ಅವಳ ಬಾಯಿ ಕಟ್ಟಿದ್ದು ಅವ್ವನೂ ಅಲ್ಲ, ದೀಪವೂ ಅಲ್ಲ, ನಾನು. "ಹುಚ್ಚಿ," ಎಂದು ಬಸಿ ಎತ್ತಿ ಅವಳ ಕೈಗೆ ಕೊಟ್ಟೆ. ಹಾವಿನ ಅಂಜಿಕೆ ನನಗೆ ಇಂದಿಗೂ ಕೂದಲೆಳೆಯಷ್ಟೂ ಕಡಿಮೆಯಾಗಿಲ್ಲ. ಅದರ ಜೊತೆಗೆ ಇನ್ನೊಂದು ಸೇರಿಕೊಂಡಿದೆ. ನಾನು ಅಂಜುತ್ತೇನೆಂದು ಈಕೆ ಇನ್ನೂ ಏನೇನು ಹೇಳದೆ ಇಟ್ಟುಕೊಂಡಿದ್ದಾಳೋ ಗೊತ್ತಿಲ್ಲ, ಕೇಳುವ ಧೈರ್ಯವೂ ನನಗಿಲ್ಲ.