ಮಳೆ ನೋಡದೆ ಸಹಿ ಮಾಡದವರು

ಭೂಮಿಯ ಬಳಕೆಯನ್ನು ಒಂದು ಇಲಾಖೆಯೂ ನೀರಿನ ಹರಿವನ್ನು ಇನ್ನೊಂದು ಇಲಾಖೆಯೂ ಬೇರೆ ಬೇರೆ ನಕಾಶೆಗಳಲ್ಲಿ ಬರೆದುಕೊಂಡು, ಒಬ್ಬರ ಮುಖ ಇನ್ನೊಬ್ಬರು ನೋಡದೆ ನೌಕರಿ ಮುಗಿಸುವ ಪದ್ಧತಿ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಅದನ್ನು ತಪ್ಪೆಂದು ಹೇಳಿದವರೇ ತಪ್ಪಿತಸ್ಥರಂತೆ ಕಾಣುತ್ತಾರೆ. ಹಾಗೆ ಕಂಡವರಲ್ಲಿ ಮೊದಲಿಗರು ಶ್ರೀ ಪ್ರಭುಲಿಂಗಪ್ಪ ಅಗಡಿಯವರು. ರಾಣೇಬೆನ್ನೂರು, ಬ್ಯಾಡಗಿ, ಹಾವೇರಿಗಳಲ್ಲಿ ನಗರ ಯೋಜನೆಯ ಅಧಿಕಾರಿಯಾಗಿ ದುಡಿದು ಈ ವರ್ಷ ನಿವೃತ್ತರಾದ ಅವರಿಗೆ ಈ ಅಭಿನಂದನ ಗ್ರಂಥ ಅರ್ಪಿತವಾಗುತ್ತಿದೆ. ಹಾರ, ಶಾಲು, ಹೊಗಳಿಕೆಗಳನ್ನು ನಿರೀಕ್ಷಿಸಿ ಪುಟ ತೆರೆದವರಿಗೆ ಈ ಲೇಖನ ಸ್ವಲ್ಪ ಕಹಿ ಅನಿಸೀತು. ಅದಕ್ಕೆ ಹೊಣೆ ಅಗಡಿಯವರೇ ಹೊರತು ಬರೆದವರಲ್ಲ.

ಅಗಡಿಯವರು ಗುತ್ತಲದ ಒಕ್ಕಲು ಮನೆತನದವರು. ತುಂಗಭದ್ರೆ ಅಷ್ಟು ಹತ್ತಿರವಿದ್ದೂ ಅವರ ಹೊಲಕ್ಕೆ ಮುಗಿಲೇ ಗತಿಯಾಗಿತ್ತು. ಓದು ಮುಗಿಸಿ ರಾಣೇಬೆನ್ನೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮೇಡ್ಲೇರಿ ರಸ್ತೆಯ ಬದಿಗೆ ಮನೆಗಳ ಲೇಔಟ್ ಮಾಡಬೇಕೆಂದು ಒಂದು ಅರ್ಜಿ ಬಂತು. ಬೇಸಿಗೆಯಲ್ಲಿ ಹೋಗಿ ನೋಡಿದಾಗ ನೆಲ ಅಂಗೈಯಂತೆ ಸಪಾಟಾಗಿತ್ತು. ಇನ್ನೇನು ಸಹಿ ಹಾಕಬೇಕು, ಅಷ್ಟರಲ್ಲಿ ಒಂದು ದೊಡ್ಡ ಮಳೆ ಬಿತ್ತು. ಅದೇ ನೆಲದ ಮೇಲೆ ಮೊಣಕಾಲುಮಟ್ಟ ನೀರು ಹರಿಯುವುದನ್ನು ಅವರು ಜೀಪಿನಲ್ಲಿ ಕುಳಿತು ಕಣ್ಣಾರೆ ಕಂಡರು. ಅಂದಿನಿಂದ ಅವರದೊಂದು ನೇಮವಾಯಿತು: ಯಾವ ಭೂಮಿಯೇ ಆಗಲಿ, ಅದರ ಮೇಲೆ ಒಂದು ಮಳೆ ಬಿದ್ದು ನೀರು ಯಾವ ದಿಕ್ಕಿಗೆ ಹೋಗುತ್ತದೆಂದು ನೋಡದ ಹೊರತು ಸಹಿಯಿಲ್ಲ. ಕಚೇರಿಯವರು ಅವರನ್ನು ಬೆನ್ನ ಹಿಂದೆ ಮಳಿಸಾಹೇಬರು ಎಂದು ಕರೆದರು. ಲೇಔಟ್ ಮಾಡುವವರು ಏನೇನು ಕರೆದರೋ ಇಲ್ಲಿ ಬರೆಯುವಂತಿಲ್ಲ.

ಮಳೆ ಬಂತೆಂದರೆ ಉಳಿದ ಅಧಿಕಾರಿಗಳು ಕಿಟಕಿ ಮುಚ್ಚಿ ಚಹಾ ತರಿಸುವ ಹೊತ್ತಿಗೆ ಅಗಡಿಯವರು ಹೊರಗೆ ಬೀಳುತ್ತಿದ್ದರು. ಜೀಪಿನ ಚಾಲಕ ಮಾಲತೇಶಪ್ಪನವರಿಗೆ ತಮ್ಮ ಮೊದಲ ಸಂಬಳದಲ್ಲೇ ರೇನ್‌ಕೋಟು ಕೊಡಿಸಿ, ತಾವು ಮಾತ್ರ ಕಡ್ಡಿ ಮುರಿದ ಛತ್ರಿಯಲ್ಲಿ ವರ್ಷಗಟ್ಟಲೆ ತೋಯ್ದರು. ಸಣ್ಣ ನೀರಾವರಿಯ ಕಿರಿಯ ಎಂಜಿನಿಯರ್ ಆಗಿ ಬಂದ ಭುವನಾ ಅವರನ್ನು, ಬೇರೆ ಇಲಾಖೆಯವರೆಂದು ನೋಡದೆ, ತಮ್ಮ ಮೇಜಿಗೆ ಕರೆದು ಇಬ್ಬರ ನಕಾಶೆಗಳನ್ನೂ ಒಂದರ ಮೇಲೊಂದು ಹಾಸಿ ಪಾಠ ಹೇಳಿದರು. ಇಂದು ಆಕೆ ಜಿಲ್ಲೆಯ ಹಳ್ಳ, ಕೆರೆಗಳ ಬಗ್ಗೆ ಅಧಿಕಾರವಾಣಿಯಿಂದ ಮಾತನಾಡುವುದಾದರೆ ಅದರ ಅರ್ಧ ಶ್ರೇಯ ಆ ಮೇಜಿನದು.

ಅವರ ಸೇವೆಯಲ್ಲಿ ಮರೆಯಲಾಗದ ಕಾಲವೆಂದರೆ ಬ್ಯಾಡಗಿಯದು. ಮೆಣಸಿನಕಾಯಿಯ ವ್ಯಾಪಾರ ಬೆಳೆದಂತೆ ಊರೂ ಬೆಳೆಯಿತು. ಕೋಲ್ಡ್ ಸ್ಟೋರೇಜುಗಳು ಎದ್ದವು, ಅವುಗಳ ಹಿಂದಿನ ಹೊಲಗಳೆಲ್ಲ ಪ್ಲಾಟುಗಳಾದವು. ಊರ ಹೊರಗಿನ ಸಂಗನಕೆರೆಗೆ ನೀರು ತರುತ್ತಿದ್ದುದು ಬಂಡಿಹಳ್ಳವೆಂಬ ಒಂದು ಹಳ್ಳ. ಬರದ ವರ್ಷಗಳಲ್ಲಿ ಅದು ಒಣಗಿದಾಗ ರೈತರು ಅದರ ಮರಳಿನಲ್ಲೇ ಬಂಡಿ ಹೊಡೆಯುತ್ತಿದ್ದರು. ಸುತ್ತಿ ಹೋಗುವುದು ತಪ್ಪುತ್ತಿತ್ತು. ಹಳೆಯ ಕಾಲದಲ್ಲಿ ನೆಲ ಅಳೆಯುವ ಮೋಜಣಿಗೆ ಬಂದವರು ಅಂಥದೊಂದು ವರ್ಷದಲ್ಲೇ ಬಂದು, ಬಂಡಿ ಹೋಗುವುದನ್ನು ನೋಡಿ, ಗ್ರಾಮ ನಕಾಶೆಯಲ್ಲಿ ಹಳ್ಳವನ್ನು ದಾರಿಯೆಂದು ಬರೆದು ಹೋದರು. ನೀರಾವರಿಯವರ ನಕಾಶೆಯಲ್ಲಿ ಅದು ಹಳ್ಳ, ಕಂದಾಯದವರ ನಕಾಶೆಯಲ್ಲಿ ಅದು ರಸ್ತೆ. ರಸ್ತೆಯಿರುವ ಹೊಲಕ್ಕೆ ಲೇಔಟ್ ಕೇಳಲು ಯಾರಿಗೆ ಅಡ್ಡಿ? ಅರ್ಜಿ ಬಂದೇ ಬಂತು.

ಭುವನಾ ಅಂದೇ ಹೇಳಿದರು: “ಸರ್, ನಮ್ಮ ನಕಾಶೆ ಆಧಾರ ಇಟ್ಕೊಂಡು ಆಗೂದಿಲ್ಲಂತ ಬರದ ಬಿಡ್ರಿ.”

“ಬರದ್ರ ಕಂದಾಯದ ನಕಾಶೆ ತಂದು ನನ್ನ ಬಾಯಿ ಮುಚ್ಚಸ್ತಾರವ್ವ. ಒಂದ ಮಳಿ ಬರಲಿ. ಕಣ್ಲೆ ನೋಡಿ ಬರದ್ರ ಯಾರೂ ತಿದ್ದಾಕ ಆಗೂದಿಲ್ಲ” ಎಂದರು ಅಗಡಿಯವರು.

ಆ ವರ್ಷ ಮುಂಗಾರು ಕೈಕೊಟ್ಟಿತು. ಹಿಂಗಾರೂ ಹಾಗೇ ಹೋಯಿತು.

ಆ ಲೇಔಟಿನಲ್ಲಿ ಪ್ಲಾಟು ನೋಡಿಟ್ಟವರು ಬಹುಮಟ್ಟಿಗೆ ಮೆಣಸಿನಕಾಯಿ ಮಾರುಕಟ್ಟೆಯ ಹಮಾಲರು. ಅವರಲ್ಲೊಬ್ಬ ರಹಿಮಾನಸಾಬ. ಚೀಲ ಹೊತ್ತು ಹೊತ್ತು ಬೆನ್ನು ಬಾಗಿದ, ಖಾರದ ಧೂಳಿನಿಂದ ಸದಾ ಕೆಮ್ಮುವ ಆತ, ಸ್ಟೇಷನ್ ಹತ್ತಿರದ ಬಾಡಿಗೆ ಕೋಣೆ ಬಿಟ್ಟು ಸ್ವಂತ ಸೂರಿನಡಿ ಹೆಂಡತಿಯನ್ನು ಕೂಡಿಸಬೇಕೆಂಬ ಒಂದೇ ಆಸೆ ಇಟ್ಟುಕೊಂಡಿದ್ದ. ಇನ್ನೂ ಬಾಯಿಮಾತಿನಲ್ಲಷ್ಟೇ ಪ್ಲಾಟು ಹಿಡಿದಿದ್ದ. ಕಚೇರಿಗೆ ಬಂದಾಗಲೆಲ್ಲ ಬಾಗಿಲ ಹೊರಗೇ ನಿಲ್ಲುತ್ತಿದ್ದ; ಅಗಡಿಯವರೇ ಎದ್ದು ಒಳಗೆ ಕರೆದು ಕೂಡಿಸಿ ಚಹಾ ಕೊಡಿಸುತ್ತಿದ್ದರು.

“ಸಾಹೇಬ್ರ, ನಮ್ಮ ಕೆಲಸ ಏನಾತ್ರಿ?”

“ಮಳಿ ಬರಲಿ ರಹಿಮಾನಸಾಬ್ರ. ಬಂದ ಮ್ಯಾಲ ನೋಡೂಣ.”

“ಆಗ್ಲಿರಿ. ದೇವರು ಲಗೂನ ಕೊಡ್ಲಿ” ಎಂದು ಆತ ಹೋಗುತ್ತಿದ್ದ. ಇಡೀ ಸೀಮೆ ಬಿತ್ತನೆಗೆ ಮಳೆ ಬೇಡಿದರೆ, ರಹಿಮಾನಸಾಬ ಒಂದು ಸಹಿಗಾಗಿ ಮಳೆ ಬೇಡುತ್ತಿದ್ದ. ಅಗಡಿಯವರಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಆ ಮುಖ ನೋಡಿ ಬೇರೆ ಮಾತು ಹೇಳಲು ಬಾಯಿ ಬರುತ್ತಿರಲಿಲ್ಲ.

ಮರುವರ್ಷವೂ ಮುಗಿಲು ಬರಿದಾಗಿತ್ತು. ಫೈಲುಗಳು ಕೊಳೆಯುತ್ತಿವೆ, ಬಡವರ ಮನೆಗೆ ಅಧಿಕಾರಿ ಅಡ್ಡಗಾಲು ಹಾಕಿದ್ದಾನೆ ಎಂದು ಗುಲ್ಲಾಯಿತು. ಗುಲ್ಲೆಬ್ಬಿಸಿದವರು ಬಡವರೇನೂ ಅಲ್ಲ. ಅಗಡಿಯವರನ್ನು ಎತ್ತಿ ಹಾವೇರಿಯಲ್ಲಿ ಸಹಿಯ ಅಧಿಕಾರವೇ ಇಲ್ಲದ ಒಂದು ಕುರ್ಚಿಗೆ ಹಾಕಿದರು. ಫೈಲಿನಲ್ಲಿ ಅವರು ಹಳ್ಳವೆಂದೂ ಬರೆದಿರಲಿಲ್ಲ, ಬೇಡವೆಂದೂ ಬರೆದಿರಲಿಲ್ಲ. ‘ಮಳೆಯ ನಂತರ ಸ್ಥಳ ಪರಿಶೀಲನೆ’ ಎಂದಷ್ಟೇ ಇತ್ತು. ಅವರ ಜಾಗಕ್ಕೆ ಬಂದವರು ಒಂದು ಬಿಸಿಲು ಮಧ್ಯಾಹ್ನ ಸ್ಥಳ ಪರಿಶೀಲಿಸಿ, ಗ್ರಾಮ ನಕಾಶೆಯ ಪ್ರಕಾರ ರಸ್ತೆ ಇದೆ ಎಂದು ಮಂಜೂರಾತಿ ಕೊಟ್ಟರು. ಬಂಡಿಹಳ್ಳಕ್ಕೆ ಮಣ್ಣು ತುಂಬಿ ಕಾಂಕ್ರೀಟ್ ಹಾಕಿದರು.

ರಹಿಮಾನಸಾಬ ಮನೆ ಕಟ್ಟಿದ. ಒಕ್ಕಲಾಗುವ ದಿನ ಅಗಡಿಯವರನ್ನು ಮರೆಯದೆ ಕರೆದ. ಅವರು ಹೋದರು, ಉಂಡರು, ಮನೆಯ ಸುತ್ತ ಒಂದು ಸುತ್ತು ಹಾಕಿ ಬಂದರು. “ಪಾಯ ಇನ್ನೂ ಒಂದೀಟು ಎತ್ತರ ಮಾಡಬೇಕಿತ್ತು” ಎಂದಷ್ಟೇ ಅಂದರು.

ಮಳೆ ಬಂತು. ಹಮಾಲರೆಲ್ಲ ಮಾರುಕಟ್ಟೆಯಲ್ಲಿದ್ದ ಹೊತ್ತು, ಹಾಡಹಗಲು, ಬಂಡಿಹಳ್ಳ ತನ್ನ ದಾರಿ ಹಿಡಿದು ಬಂತು. ರಹಿಮಾನಸಾಬನ ಮನೆಯ ಹಿಂಗೋಡೆ ಕುಸಿದು ಒಳಗಿದ್ದ ಹೆಂಡತಿಯ ಸೊಂಟ ಮುರಿಯಿತು. ಆಕೆ ಇಂದಿಗೂ ಎದ್ದು ಓಡಾಡುವುದಿಲ್ಲ. ಅತ್ತ ಕೆರೆಗೆ ಹೋಗಬೇಕಾದ ನೀರು ಪ್ಲಾಟುಗಳಲ್ಲೇ ನಿಂತು ಕೊಳೆಯಿತು. ಕೆರೆಯ ಕೆಳಗೆ ಮೆಣಸಿನ ತೋಟ ಮಾಡುವ ಚೌಡವ್ವ, ನೋಡಲು ಹೋದ ಅಗಡಿಯವರಿಗೆ ತನ್ನ ಒಣಬಾವಿ ತೋರಿಸಿ, “ಮಳಿ ಬಂದೂ ನಮಗ ಬರಾನ ಬಂತ ನೋಡ್ರಿ” ಎಂದಳು. ಅಗಡಿಯವರು ಕಾದಿದ್ದ ಸಾಕ್ಷಿ ಬಂದಿತ್ತು, ಆದರೆ ಅದರಿಂದ ಯಾರಿಗೂ ಉಪಯೋಗವಿರಲಿಲ್ಲ.

ನಿವೃತ್ತಿಯ ದಿನ ಹಾವೇರಿಯ ಕಚೇರಿಯಲ್ಲಿ ಭಾಷಣಗಳಾದವು. ಎಲ್ಲರೂ ದೂರದೃಷ್ಟಿಯನ್ನು ಕೊಂಡಾಡಿದರು. ಮಳೆಗೆ ಕಾದ ಕತೆ ಹೇಳಿ ಚಪ್ಪಾಳೆ ಗಿಟ್ಟಿಸಿದರು. ಮಂದಿ ಚದುರಿದ ಮೇಲೆ, ಬ್ಯಾಡಗಿಯಿಂದ ಬಸ್ಸಿಗೆ ಬಂದಿದ್ದ ರಹಿಮಾನಸಾಬ ಬಾಗಿಲಲ್ಲಿ ಕಾಣಿಸಿದ. ಈ ಸಲ ಕರೆಯುವ ಮೊದಲೇ ಒಳಗೆ ಬಂದ. ಅಲ್ಲಿದ್ದವರು ಅಗಡಿಯವರು, ಭುವನಾ ಮತ್ತು ಮಾಲತೇಶಪ್ಪ, ಮೂವರೇ.

“ಸಾಹೇಬ್ರ, ಅಲ್ಲಿ ಹಳ್ಳ ಐತಿ ಅಂತ ನಿಮಗ ಗೊತ್ತಿತ್ತಲ್ರಿ?”

“ಗೊತ್ತಿತ್ತು.”

“ಮತ್ತ ಬ್ಯಾಡ ಅಂತ ಯಾಕ ಅನ್ನಲಿಲ್ರಿ? ಮಳಿ ಬರಲಿ, ಮಳಿ ಬರಲಿ ಅಂದ್ರಿ. ನಾ ಆಗೂ ಮಾತಂತ ತಿಳದು ಕುಂತೆ. ಬ್ಯಾಡ ಅಂದಿದ್ರ ಬ್ಯಾರೆ ಕಡೆ ನೋಡತಿದ್ದೆ.”

ಅಗಡಿಯವರು ಹೆಗಲ ಮೇಲಿನ ಶಾಲನ್ನು ತೆಗೆದು ಕುರ್ಚಿಗೆ ಹಾಕಿದರು. “ನಂದ ತಪ್ಪು” ಎಂದರು.

“ತಪ್ಪು ಹೊರಸಾಕ ಬಂದಿಲ್ರಿ. ಕೇಳಾಕ ಬಂದೇನಿ” ಎಂದ ರಹಿಮಾನಸಾಬ. ಕೊನೇ ಬಸ್ಸು ತಪ್ಪೀತೆಂದು ಹೋದ.

ಈ ಗ್ರಂಥದ ಮಾತು ಬಂದಾಗ ಅಗಡಿಯವರು ಒಡ್ಡಿದ ಷರತ್ತು ಒಂದೇ: ರಹಿಮಾನಸಾಬನ ಪ್ರಶ್ನೆ ಇದ್ದದ್ದು ಇದ್ದ ಹಾಗೆ ಅಚ್ಚಾಗಬೇಕು, ಇಲ್ಲದಿದ್ದರೆ ಗ್ರಂಥವೇ ಬೇಡ. ಸಂಪಾದಕ ಮಂಡಳಿಯಲ್ಲಿ ಕೆಲವರು ಗೊಣಗಿದರು. ಶುಭ ಸಂದರ್ಭದಲ್ಲಿ ಇದೆಲ್ಲ ಯಾಕೆಂದರು. ಬರದ ಸೀಮೆಯಲ್ಲಿ ನೆಲವನ್ನೂ ನೀರನ್ನೂ ಕೂಡಿಸಿ ನೋಡಬೇಕೆಂದು ಮೊದಲು ಕಲಿಸಿದ ಹಿರಿಯರು, ನೋಡಿದ್ದನ್ನು ವೇಳೆಗೆ ಬಾಯಿಬಿಟ್ಟು ಹೇಳಬೇಕೆಂಬುದನ್ನೂ ಕಲಿಸುತ್ತಿರುವಾಗ ಬೇಡವೆನ್ನಲು ನಾವು ಯಾರು? ಹಾಗಾಗಿ ಅಚ್ಚಾಗಿದೆ. ಅವರ ಮೇಲಿನ ನಮ್ಮ ಪ್ರೀತಿ ಇದರಿಂದ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ.

ಈಗ ಬಂಡಿಹಳ್ಳದ ಮೇಲ್ಭಾಗದ ಹೊಲಗಳಿಗೂ ಪ್ಲಾಟಿನ ಕಲ್ಲು ಬಿದ್ದಿವೆ. ಭಾನುವಾರ ಜನ ಗಂಡಹೆಂಡಿರು ಕೂಡಿ ನೋಡಲು ಬರುತ್ತಾರೆ. ಅಗಡಿಯವರು ಬಸ್ಸು ಹಿಡಿದು ಅಲ್ಲಿಗೆ ಹೋಗಿ, ಬಿಸಿಲಲ್ಲಿ ನಿಂತು, ಬಂದವರಿಗೆಲ್ಲ, “ಇದು ಹಳ್ಳದ ಜಾಗ, ಬ್ಯಾಡ, ತಗೋಬ್ಯಾಡ್ರಿ” ಎನ್ನುತ್ತಾರೆ.

“ನೀವ್ಯಾರ್ರಿ ಹೇಳಾಕ?” ಎಂದು ಮೊನ್ನೆ ಒಬ್ಬರು ಕೇಳಿದರಂತೆ.

“ಈಗ ಯಾರೂ ಅಲ್ರಿ” ಎಂದರಂತೆ ಇವರು.

ಆ ಗಂಡಹೆಂಡಿರು ಪ್ಲಾಟು ಗೊತ್ತು ಮಾಡಿಕೊಂಡೇ ಹೋದರು. ಶ್ರೀ ಪ್ರಭುಲಿಂಗಪ್ಪ ಅಗಡಿಯವರಿಗೆ ನೂರು ವರ್ಷ ಆಯುಷ್ಯವಿರಲಿ, ಕಾಲಲ್ಲಿ ಕಸುವಿರಲಿ. ಕೇಳುವವನೊಬ್ಬ ಸಿಗುವವರೆಗೆ ಅವರು ಅಲ್ಲಿ ನಿಂತು ಬೇಡವೆನ್ನುತ್ತಲೇ ಇರಲಿ.